ಹರಗೋಲು ತೇಲುವುದೇಕೆ, ಮಗುಚುವುದೇಕೆ? ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 9
ವಿಷಯ: ವಿಜ್ಞಾನ
ಕಲಿಕಾಂಶ: ಪ್ಲವನತೆ ಮತ್ತು ಆರ್ಕಿಮಿಡಿಸ್ ತತ್ವ
ಅವಧಿ: 40 ನಿಮಿಷಗಳ ಎರಡು ಪಾಠಗಳು

ಹಿನ್ನೆಲೆ

ನಾನು ಶಹಾಪುರದವಳು. ಬಿ.ಎಸ್ಸಿ. ಮುಗಿಸಿ ಯಾದಗಿರಿಯಲ್ಲಿ ಬಿ.ಇಡಿ. ಓದುತ್ತಿದ್ದೇನೆ. ಬೋಧನಾ ಅಭ್ಯಾಸಕ್ಕೆ ನನಗೆ ಸಿಕ್ಕಿದ್ದು ಸುರಪುರ ಭಾಗದಲ್ಲಿ ಕೃಷ್ಣಾ ತೀರಕ್ಕೆ ಹತ್ತಿರದ ಒಂದು ಪ್ರೌಢಶಾಲೆ. ಅಲ್ಲಿನ ಕೆಲವು ಮಕ್ಕಳ ಮನೆಯವರ ಹೊಲ ಆಚೆ ದಡದಲ್ಲಿದೆ. ಬಿತ್ತನೆ ಬೀಜ, ಗೊಬ್ಬರ, ಮೇವು, ಸಂತೆಯ ಚೀಲ ಎಲ್ಲವೂ ಹರಗೋಲಿನಲ್ಲೇ ದಾಟುತ್ತವೆ. ಮೇಲೆ ನಾರಾಯಣಪುರದ ಬಸವಸಾಗರ ಜಲಾಶಯವಿದೆ. ಅದರ ಪೂರ್ಣ ಮಟ್ಟ 492.25 ಮೀಟರ್. ಮಳೆಗಾಲದಲ್ಲಿ ಗೇಟು ತೆರೆಯುವ ಸುದ್ದಿ ಬಂದರೆ ಹರಗೋಲುಗಳನ್ನು ದಡಕ್ಕೆಳೆದು ಬೋರಲು ಹಾಕುತ್ತಾರೆ. ಇದೆಲ್ಲ ನನಗೆ ಗೊತ್ತಾದದ್ದು ಮೊದಲ ಪಾಠ ಕೆಟ್ಟ ಮೇಲೆ.

ಮೊದಲ ಪಾಠ

ಪೀಠಿಕೆಗೆಂದು ಒಂದು ಚಾರ್ಟ್ ಒಯ್ದಿದ್ದೆ. ಯಾವುದೋ ದೇಶದ ಸರೋವರ, ಬಿಳಿ ಹಾಯಿಯ ದೋಣಿ. ಮಕ್ಕಳು ಚಿತ್ರ ನೋಡಿ ಸುಮ್ಮನೆ ಕುಳಿತರು. ನಾನು ಕಪ್ಪುಹಲಗೆಯ ಮೇಲೆ ‘ಹಗುರವಾದದ್ದು ತೇಲುತ್ತದೆ, ಭಾರವಾದದ್ದು ಮುಳುಗುತ್ತದೆ’ ಎಂದು ಬರೆದೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

“ಟೀಚರ್ರೀ, ಹೋದ ಮಳಿಗಾಲದಾಗ ನಮ್ಮ ಕಾಕಾನ ಹರಗೋಲು ಮಗುಚಿತ್ರೀ. ಅದ್ಯಾಕ?”

“ಭಾರ ಹೆಚ್ಚಾಗಿರಬೇಕು” ಎಂದೆ.

“ಇಲ್ರೀ. ಮೂರೇ ಮಂದಿ ಇದ್ರು, ಎರಡು ಚೀಲ ಗೊಬ್ಬರ. ಒಂಬತ್ತು ಮಂದಿ ಕುಂತಾಗೂ ಏನೂ ಆಗಿದ್ದಿಲ್ಲ.”

ಮೂವರೂ ಈಜಿ ಉಳಿದರಂತೆ, ಗೊಬ್ಬರ ಹೋಯಿತಂತೆ. ನನ್ನಲ್ಲಿ ಉತ್ತರವಿರಲಿಲ್ಲ. “ನಾಳೆ ನೋಡೋಣ. ನೀನು ಹರಗೋಲಿನ ಅಳತೆ ತಾ” ಎಂದೆ. ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ಬರೆದದ್ದು ಇಷ್ಟೇ: ‘ಕಬ್ಬಿಣದ ಹಡಗು ತೇಲುತ್ತದೆ. ಹಲಗೆಯ ಮೇಲಿನ ವಾಕ್ಯ ತಿದ್ದಿಕೊಳ್ಳಿ.’

ಎರಡನೆಯ ಪಾಠ

ಮರುದಿನ ಚಾರ್ಟ್ ಬಿಟ್ಟು ಹರಗೋಲಿನಿಂದಲೇ ಆರಂಭಿಸಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂಥ ಈ ದೋಣಿಯನ್ನು ವರ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತದೆ, ಗಿರಗಿರ ತಿರುಗುತ್ತಲೇ ಸಾಗುತ್ತದೆ. “ಈಗ ತೊಗಲಿಲ್ರೀ, ಪ್ಲಾಸ್ಟಿಕ್ ಹಾಕಿ ಡಾಂಬರು ಬಳೀತಾರ” ಎಂದು ಮಕ್ಕಳೇ ತಿದ್ದಿದರು.

ಹುಡುಗ ಹಗ್ಗ ಹಿಡಿದು ಅಳೆದು ತಂದಿದ್ದ: ಅಡ್ಡಗಲ ಆರೂವರೆ ಅಡಿ, ಎತ್ತರ ಎರಡು ಅಡಿ. ಅಂದರೆ ವ್ಯಾಸ ಸುಮಾರು 2 ಮೀಟರ್, ಎತ್ತರ 60 ಸೆಂ.ಮೀ. ತಳ ಸಮತಟ್ಟೆಂದು ಭಾವಿಸಿದರೆ ವಿಸ್ತೀರ್ಣ 3.14 ಚದರ ಮೀಟರ್. 60 ಕಿ.ಗ್ರಾಂ ತೂಕದವರೊಬ್ಬರು ಹತ್ತಿದರೆ ಹರಗೋಲು ಇನ್ನೂ 60 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಅದಕ್ಕೆ ಅದು ಸುಮಾರು 2 ಸೆಂ.ಮೀ. ಇಳಿದರೆ ಸಾಕು. ಮೂವರು, 45 ಕಿ.ಗ್ರಾಂನ ಎರಡು ಚೀಲ, ಹರಗೋಲಿನದ್ದೇ 60 ಕಿ.ಗ್ರಾಂ ಎಂದಿಟ್ಟುಕೊಂಡರೆ ಒಟ್ಟು 330 ಕಿ.ಗ್ರಾಂ. ಇಳಿಯುವುದು ಹತ್ತೂವರೆ ಸೆಂ.ಮೀ. ತಳ ದುಂಡಗಿರುವುದರಿಂದ ನಿಜದಲ್ಲಿ ಇನ್ನಷ್ಟು ಇಳಿದೀತು. ಆದರೂ ಅಂಚು ನೀರಿಗಿಂತ ಬಹಳ ಮೇಲಿರುತ್ತದೆ. ಹುಡುಗ ಹೇಳಿದ್ದೇ ಸರಿ, ಭಾರ ಹೆಚ್ಚಾಗಿರಲಿಲ್ಲ.

ಹಾಗಾದರೆ ಮಗುಚಿದ್ದೇಕೆ? ಟಬ್ಬಿನ ನೀರಿನಲ್ಲಿ ಬಿಸಿಯೂಟದ ತಾಟು ತೇಲಿಬಿಟ್ಟೆವು. ಬೆಣಚುಕಲ್ಲುಗಳನ್ನು ಸುತ್ತಲೂ ಹರಡಿ ಇಟ್ಟಾಗ ಹದಿನೆಂಟು ಹಿಡಿಸಿದವು. ಅವನ್ನೇ ಒಂದು ಅಂಚಿಗೆ ಇಡುತ್ತ ಹೋದಾಗ ಏಳನೆಯ ಕಲ್ಲಿಗೆ ನೀರು ಒಳನುಗ್ಗಿತು. ಹುಡುಗ ಕೂಡಲೇ ಅಂದ: “ಹೌದ್ರೀ, ದಡ ಬಂತಂತ ಮೂವರೂ ಒಂದೇ ಕಡೆ ಎದ್ದು ನಿಂತಿದ್ರಂತ!” ಇನ್ನೊಬ್ಬಳು, “ಅದಕ್ಕ ಅಂಬಿಗಜ್ಜ ಯಾರೂ ಏಳಬ್ಯಾಡ್ರಿ ಅಂತ ಬೈತಾನ” ಎಂದಳು. ತೇಲುವುದಕ್ಕೆ ಪ್ಲವನ ಬಲ ಸಾಕಷ್ಟಿರಬೇಕು, ಮಗುಚದಿರುವುದಕ್ಕೆ ಭಾರ ಸಮನಾಗಿ ಹಂಚಿರಬೇಕು, ನಿಂತರೆ ಗುರುತ್ವ ಕೇಂದ್ರ ಮೇಲೇರಿ ಹೊಯ್ದಾಟ ಹೆಚ್ಚುತ್ತದೆ ಎಂಬ ವಿವರಣೆ ಆಮೇಲೆ ಸುಲಭವಾಯಿತು.

ವಿಸ್ತರಣೆಗೆ ಸೋರೆಬುರುಡೆ ತೆಗೆದುಕೊಂಡೆ. ಕೃಷ್ಣೆ ಸುತ್ತುವರಿದ ನೀಲಕಂಠರಾಯನಗಡ್ಡಿಯಿಂದ 2014ರ ಪ್ರವಾಹದಲ್ಲಿ ತುಂಬು ಗರ್ಭಿಣಿಯೊಬ್ಬರು ಒಣಬುರುಡೆ ಕಟ್ಟಿಕೊಂಡು, ಮನೆಯವರ ನೆರವಿನಿಂದ ಈಜಿ ದಡ ಸೇರಿದ್ದು ಇಲ್ಲಿ ಎಲ್ಲರಿಗೂ ಗೊತ್ತು. 5 ಲೀಟರ್ ಗಾತ್ರದ ಬುರುಡೆ ಪೂರ್ತಿ ಮುಳುಗಿದಾಗ 5 ಕಿ.ಗ್ರಾಂ ನೀರಿನ ತೂಕದಷ್ಟು ಬಲ ಮೇಲಕ್ಕೆ ಸಿಗುತ್ತದೆ. ಅದರಲ್ಲಿ ಬುರುಡೆಯ ತೂಕ ಕಳೆದರೆ ಉಳಿದದ್ದು ಈಜುವವರಿಗೆ. ತಲೆಯನ್ನು ನೀರಿನ ಮೇಲಿಡಲು ಅದು ದೊಡ್ಡ ಆಸರೆ.

ಅವಲೋಕನ

ಕೊರತೆಗಳೂ ಇದ್ದವು. ಹಲವರು ತ್ರಿಜ್ಯದ ಬದಲು ವ್ಯಾಸವನ್ನೇ ವರ್ಗ ಮಾಡಿದರು. ಗಣಿತದ ಪುನರ್ಮನನ ಮೊದಲೇ ಬೇಕಿತ್ತು. ಮೌಲ್ಯಮಾಪನಕ್ಕೆ ಸಮಯ ಸಾಲಲಿಲ್ಲ. ಅದರ ಬದಲು ಹರಗೋಲು ಹತ್ತುವವರಿಗೆ ಸೂಚನೆಗಳನ್ನು ಕಾರಣಸಹಿತ ಬರೆದುಕೊಂಡು ಬರಲು ಹೇಳಿದೆ. ಭಾರ ಸುತ್ತಲೂ ಹಂಚಿ, ಕುಳಿತೇ ಇರಿ, ಒಬ್ಬೊಬ್ಬರಾಗಿ ಇಳಿಯಿರಿ, ಜೀವರಕ್ಷಕ ಜಾಕೆಟ್ ಇಲ್ಲದೆ ತುಂಬಿದ ಹೊಳೆಗೆ ಇಳಿಯಬೇಡಿ ಎಂದು ಹೆಚ್ಚಿನವರು ಬರೆದಿದ್ದರು.

ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಪರೀಕ್ಷೆಗೆ ನಾನೂ ಅದನ್ನು ಬರೆದಿದ್ದೆ. ಈ ಪಾಠ ಮಾಡಲಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಒಂದೇ: ಪಾಠಯೋಜನೆ ಬರೆಯುವ ಮುನ್ನ ಆ ಊರಿನ ಹೊಳೆಗೆ ಹೋಗಿ, ಅಲ್ಲಿ ಏನು ತೇಲುತ್ತದೆ, ಏನು ಮುಳುಗಿದೆ ಎಂದು ಕೇಳಿ ಬನ್ನಿ. ಆ ಹುಡುಗ ತನ್ನ ಸೂಚನೆಗಳ ಹಾಳೆಯನ್ನು ನನಗೆ ತೋರಿಸಿ, ಕಾಕಾನಿಗೆ ಓದಿ ಹೇಳಬೇಕೆಂದು ಮರಳಿ ಇಸಿದುಕೊಂಡು ಹೋದ.