ಒಂದು ಸಾಲು ತೋರಿಸಿ ಕೇಳಿ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಕಂಪ್ಯೂಟರ್ ಕಲಿಯಲು ಹೊರಟಿರುವ ಮಕ್ಕಳೇ, ಪ್ರಾಜೆಕ್ಟ್ ಕಾಲ ಬಂದಾಗ ನಿಮ್ಮಲ್ಲಿ ಹೆಚ್ಚಿನವರು ಬಂದು ಹೇಳುವುದು ಒಂದೇ ಮಾತು: "ಸಾರ್, ಡೇಟಾಬೇಸ್ ಸರಿಯಾಗಿ ಬರ್ತಿಲ್ಲ, ಪೇಜು ಎಲ್ಲೆಲ್ಲೋ ಹೋಗ್ತಿದೆ." ಇಷ್ಟರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ತುಂಬಿದಿರಿ, ಏನು ಬರಬೇಕಿತ್ತು, ಏನು ಬಂತು, ಈ ಮೂರನ್ನೂ ಒಂದೇ ಒಂದು ಸಾಲಿನಲ್ಲಿ ತೋರಿಸಿ. ಎಷ್ಟೋ ಸಲ ಹಾಗೆ ಬರೆದು ತರುವಾಗಲೇ ತಪ್ಪು ನಿಮ್ಮ ಕಣ್ಣಿಗೆ ಬೀಳುತ್ತದೆ.

ರೇಷ್ಮೆ ಸೀರೆ ಅಂಗಡಿಗೆ ಗಿರಾಕಿಗಳ ಪಟ್ಟಿ ಮಾಡುತ್ತಿದ್ದೀರಿ ಎನ್ನೋಣ. ಮೊಬೈಲ್ ನಂಬರಿಗೆ 'ಇಂಟ್' ಎಂದು ಕೊಟ್ಟಿರಿ. ಪಟ್ಟಿ ತೆಗೆದರೆ ಎಲ್ಲರ ಎದುರಿಗೂ 2147483647! ಮೈಎಸ್‌ಕ್ಯುಎಲ್‌ನ ಇಂಟ್ ಹಿಡಿಯುವ ಅತಿ ದೊಡ್ಡ ಸಂಖ್ಯೆ ಅದು. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿಯವು, ಅದರೊಳಗೆ ಒಂದೂ ಹಿಡಿಸುವುದಿಲ್ಲ. ಸ್ಟ್ರಿಕ್ಟ್ ಮೋಡ್ ಇದ್ದರೆ ಎರರ್ ಕೊಟ್ಟು ನಿಲ್ಲುತ್ತದೆ, ಇಲ್ಲದಿದ್ದರೆ ಗಿರಾಕಿಯ ನಂಬರನ್ನು ನುಂಗಿ ಸುಮ್ಮನಾಗುತ್ತದೆ. ಬಿಗ್‌ಇಂಟ್ ಹಾಕಿದರಾಯಿತಲ್ಲ ಎನ್ನಬೇಡಿ. ಲ್ಯಾಂಡ್‌ಲೈನ್ ನಂಬರು ಬಂದರೆ? ಕೊಳ್ಳೇಗಾಲದ ಎಸ್‌ಟಿಡಿ ಕೋಡ್ 08224, ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆ ಹೋಗಿ 8224 ಉಳಿಯುತ್ತದೆ. ಕೂಡಿ ಕಳೆಯದ ಯಾವುದನ್ನೂ ಸಂಖ್ಯೆಯಾಗಿ ಇಡಬೇಡಿ, ವಾರ್‌ಚಾರ್ ಕೊಡಿ. ದುಡ್ಡಿಗೆ ಡೆಸಿಮಲ್, ದಿನಾಂಕಕ್ಕೆ ಡೇಟ್. 5/6 ಎಂದು ಅಕ್ಷರದಲ್ಲಿ ಬರೆದಿಟ್ಟರೆ ಅದು ಜೂನ್ 5ನೋ ಮೇ 6ನೋ ಎಂದು ಆಮೇಲೆ ಹೇಳುವವರಿಲ್ಲ.

ತಾಲ್ಲೂಕು, ಜಿಲ್ಲೆಯ ವಿಷಯದಲ್ಲಂತೂ ನಮ್ಮ ಊರಿನ ಚರಿತ್ರೆಯೇ ನಿಮಗೆ ಪಾಠ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕಡೆಯ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ. 1997ರಲ್ಲಿ ಚಾಮರಾಜನಗರ ಜಿಲ್ಲೆ. ಈಚೆಗೆ ಹನೂರು ಬೇರೆ ತಾಲ್ಲೂಕಾಯಿತು. ಅಂದರೆ ಹನೂರಿನ ಒಬ್ಬ ಅಜ್ಜಿ ಹುಟ್ಟಿದ ಮನೆಯ ಹೊಸಿಲು ದಾಟದೆಯೇ ಮೂರು ಜಿಲ್ಲೆ, ಎರಡು ತಾಲ್ಲೂಕು ಕಂಡಿರಬಹುದು. ಪಕ್ಕದ ಯಳಂದೂರು ಮೊದಲಿಂದಲೂ ಮೈಸೂರು ಸೀಮೆಯದೇ. ವಿಳಾಸವನ್ನೆಲ್ಲ ಒಂದೇ ಫೀಲ್ಡಿಗೆ ಸುರಿದವರು ಇಂಥ ಬದಲಾವಣೆ ಬಂದಾಗ ಸಾವಿರಾರು ಸಾಲು ಕೈಯಲ್ಲಿ ತಿದ್ದಬೇಕು. ಊರು, ತಾಲ್ಲೂಕು, ಜಿಲ್ಲೆಗೆ ಬೇರೆ ಬೇರೆ ಟೇಬಲ್ ಮಾಡಿ ಒಂದೊಂದಕ್ಕೂ ಐಡಿ ಕೊಟ್ಟರೆ ಊರಿನ ಅಥವಾ ತಾಲ್ಲೂಕಿನ ಟೇಬಲ್ಲಿನಲ್ಲಷ್ಟೇ ತಿದ್ದಿದರೆ ಸಾಕು. ಕೊಳ್ಳೇಗಾಲ, ಕೊಳ್ಳೆಗಾಲ, ಕೊಳ್ಳೆಗಾಲ್ ಎಂದು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುವ ತಾಪತ್ರಯವೂ ತಪ್ಪುತ್ತದೆ.

ಹೆಸರಿನ ಬಗ್ಗೆ ಒಂದು ಮಾತು, ಇದು ನನಗೆ ಬಹಳ ಮುಖ್ಯ. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಹಾಡಿಯಲ್ಲಿ ಒಂದೇ ಪದದ ಹೆಸರಿರುವ ಹಿರಿಯರಿದ್ದಾರೆ. ಸರ್‌ನೇಮ್ ಇಲ್ಲ, ಇನಿಷಿಯಲ್ಲೂ ಇಲ್ಲ. 'ಲಾಸ್ಟ್ ನೇಮ್ ಕಡ್ಡಾಯ' ಎಂದು ನೀವು ಇಟ್ಟ ಒಂದು ಷರತ್ತು ಅವರ ಅರ್ಜಿಯನ್ನು ತಡೆಯುತ್ತದೆ. ಹೆಸರಿಗೆ ಒಂದೇ ಉದ್ದನೆಯ ಫೀಲ್ಡ್ ಸಾಕು.

ಉದ್ದ ಎಂದಾಗ ಕನ್ನಡದ ಲೆಕ್ಕ ತಿಳಿದಿರಲಿ. 'ಕೊಳ್ಳೇಗಾಲ' ಎಂಬುದರಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆ, ಒತ್ತು ಎಲ್ಲ ಸೇರಿ 9 ಸಂಕೇತ, ಯುಟಿಎಫ್-8ರಲ್ಲಿ 27 ಬೈಟ್. ಹತ್ತೇ ಅಕ್ಷರ ಎಂದು ಜಾಗ ಕೊಟ್ಟರೆ ಇದಕ್ಕಿಂತ ಉದ್ದದ ಹೆಸರು ನಡುವೆ ತುಂಡಾಗಬಹುದು. ಕನ್ನಡದ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮೊದಲು ಕ್ಯಾರೆಕ್ಟರ್ ಸೆಟ್ ನೋಡಿ, ಯುಟಿಎಫ್8ಎಂಬಿ4 ಇರಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸದೆ ತುಂಬಬೇಡಿ.

ಪುಟದ ವಿನ್ಯಾಸದಲ್ಲೂ ನಮ್ಮ ಊರಿನ ಹೆಸರೇ ಒಳ್ಳೆಯ ಪರೀಕ್ಷೆ. ಬಟನ್ನಿಗೆ ಇಷ್ಟೇ ಎತ್ತರ ಎಂದು ಕಟ್ಟುಹಾಕಿದರೆ 'ಹನೂರು', 'ಯಳಂದೂರು' ಚೆನ್ನಾಗಿಯೇ ಕಾಣುತ್ತವೆ, ಅವುಗಳಲ್ಲಿ ಒತ್ತಕ್ಷರವಿಲ್ಲ. 'ಕೊಳ್ಳೇಗಾಲ' ಬರೆದು ನೋಡಿ, ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿರುತ್ತದೆ. ಎತ್ತರ ಕಟ್ಟಬೇಡಿ, ಲೈನ್-ಹೈಟ್ 1.6ರಷ್ಟು ಕೊಡಿ. ಫೋನಿನಲ್ಲಿ ಅಕ್ಷರವೆಲ್ಲ ಇರುವೆಯಷ್ಟು ಕಂಡರೆ ವ್ಯೂಪೋರ್ಟ್ ಸಾಲು ಬಿಟ್ಟುಹೋಗಿದೆಯೇ ನೋಡಿ. ಲ್ಯಾಬಿನ ದೊಡ್ಡ ಪರದೆಯಲ್ಲಿ ನೋಡಿ ತೃಪ್ತಿಪಡಬೇಡಿ. ನಿಮ್ಮ ಪುಟ ನೋಡುವವರ ಕೈಯಲ್ಲಿರುವುದು ಸಣ್ಣ ಫೋನು.

ಕೇಳಲು ನಾಚಿಕೆ ಬೇಡ. ಹಳ್ಳಿಯಿಂದ ಬಂದವರು, ಇಂಗ್ಲಿಷ್ ಬಾರದವರು ಎಂಬ ಅಳುಕಿನಿಂದ ಹಿಂದಿನ ಬೆಂಚಿನಲ್ಲಿ ಉಳಿದ ಎಷ್ಟೋ ಜಾಣ ಮಕ್ಕಳನ್ನು ಕಂಡು ಸಂಕಟಪಟ್ಟಿದ್ದೇನೆ. ಕನ್ನಡದಲ್ಲೇ ಕೇಳಿ. ಎರರ್ ಸಂದೇಶವನ್ನು ಮಾತ್ರ ಒಂದಕ್ಷರ ಬಿಡದೆ ಹಾಗೇ ತನ್ನಿ, 'ಏನೋ ಕೆಂಪಗೆ ಬಂತು' ಎನ್ನಬೇಡಿ. ಇಡೀ ಪ್ರಾಜೆಕ್ಟ್ ಹೊತ್ತು ತರದೆ, ತೊಂದರೆ ಕೊಡುವ ಕೋಡಿನ ಹತ್ತು ಸಾಲನ್ನಷ್ಟೇ ಬೇರ್ಪಡಿಸಿ ತೋರಿಸಿ. ಯಾರದೋ ನಿಜವಾದ ಆಧಾರ್, ಮೊಬೈಲ್ ನಂಬರನ್ನು ಸಹಾಯ ಕೇಳುವ ನೆಪದಲ್ಲಿ ಹಂಚಬೇಡಿ, ಅದೇ ಆಕಾರದ ಸುಳ್ಳು ನಂಬರು ಹಾಕಿ.

ಉತ್ತರ ಸಿಕ್ಕ ದಿನವೇ ಅದನ್ನು ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುಂದಿನ ವರ್ಷ ನಿಮ್ಮ ಜಾಗದಲ್ಲಿ ಕೂರುವ ಹುಡುಗ ಹುಡುಗಿಯರ ಕೈಗೆ ಆ ನೋಟ್‌ಬುಕ್ ಕೊಟ್ಟು ಹೋಗಿ.