ನಿಮ್ಮ ಮನೆಯ ಅರ್ಥಿಂಗ್ ಯಾರದು?

ಮನೆಗೆ ಅರ್ಥಿಂಗ್ ಇದೆಯೇ ಎಂದು ಕೇಳಿದರೆ ಗದಗ-ಬೆಟಗೇರಿಯಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಅದು ಬಂದದ್ದು ಕಂಬದಿಂದಲೋ, ಹಿತ್ತಲಿನ ಗುಂಡಿಯಿಂದಲೋ ಎಂದು ಕೇಳಿ ನೋಡಿ, ಉತ್ತರ ತಡವರಿಸುತ್ತದೆ. ಫ್ರಿಜ್ ಮುಟ್ಟಿದರೆ ಜುಮ್ಮೆನ್ನುವಾಗ ವಿದ್ಯುತ್ ಸರಬರಾಜು ಮಾಡುವ ಹೆಸ್ಕಾಂ ಕಚೇರಿಗೆ ಹೋಗಬೇಕೋ, ವೈರಿಂಗ್ ಮಾಡಿದವರನ್ನು ಕರೆಸಬೇಕೋ ಎಂಬುದು ಈ ಉತ್ತರದ ಮೇಲೆಯೇ ನಿಂತಿದೆ.

ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 33ನೆಯದು, ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲಿ 16ನೆಯದು ಇದೇ ವಿಷಯದ್ದು. ಗ್ರಾಹಕರ ಜಾಗದಲ್ಲಿ, ವಿದ್ಯುತ್ ಒಳಬರುವ ಕಡೆ, ಕೈಗೆಟಕುವಂತೆ ಒಂದು ಅರ್ಥ್ ಟರ್ಮಿನಲ್ ಒದಗಿಸಿ ಸುಸ್ಥಿತಿಯಲ್ಲಿಡುವುದು ಸರಬರಾಜುದಾರರ ಹೊಣೆ. ಅಳವಡಿಕೆಯ ವೆಚ್ಚವನ್ನು ಗ್ರಾಹಕರಿಂದ ಪಡೆಯಲು ಅವಕಾಶವಿದೆ. ಗ್ರಾಹಕರ ಸ್ವಂತ ಅರ್ಥಿಂಗ್ ಸಮರ್ಪಕವಾಗಿದೆ ಎಂದು ಮನದಟ್ಟಾದರೆ ಹಳೆಯ ಸಂಪರ್ಕಗಳಿಗೆ ವಿನಾಯಿತಿಯೂ ಇದೆ. ಆದರೆ 250 ವೋಲ್ಟ್ ಮೀರಿದ ಸಂಪರ್ಕ, ಅಂದರೆ ಬೆಟಗೇರಿಯ ಪವರ್‌ಲೂಮ್ ಮನೆಗಳಿಗೆ ಬರುವಂಥ ತ್ರೀ ಫೇಸ್, ಇದ್ದವರು ಇದರ ಜೊತೆಗೆ ತಮ್ಮದೇ ಪ್ರತ್ಯೇಕ ಎಲೆಕ್ಟ್ರೋಡ್ ಹಾಕಿಸಲೇಬೇಕು. 2010ರ ನಿಯಮಾವಳಿಯ ಜಾಗಕ್ಕೆ ಈಗ 2023ರದು ಬಂದಿದೆ.

ಪುಸ್ತಕದಲ್ಲಿ ಹೀಗಿದ್ದರೂ ನಮ್ಮ ಊರುಗಳ ಹೆಚ್ಚಿನ ಮನೆಗಳಿಗೆ ಕಂಬದಿಂದ ಬರುವುದು ಎರಡೇ ತಂತಿ, ಫೇಸ್ ಮತ್ತು ನ್ಯೂಟ್ರಲ್. ಅರ್ಥಿಂಗ್ ಮನೆಯವರ ಸ್ವಂತ ಗುಂಡಿಯದು. ಇದಕ್ಕೆ ಟಿಟಿ ವ್ಯವಸ್ಥೆ ಎನ್ನುತ್ತಾರೆ. ಟ್ರಾನ್ಸ್‌ಫಾರ್ಮರಿನಿಂದಲೇ ಬೇರೊಂದು ಅರ್ಥ್ ತಂತಿ ಮನೆತನಕ ಬಂದಿದ್ದರೆ ಅದು ಟಿಎನ್-ಎಸ್. ನ್ಯೂಟ್ರಲ್ ತಂತಿಯೇ ಅರ್ಥ್ ಆಗಿಯೂ ಬಂದು ಮನೆಯ ಬಳಿ ಎರಡಾಗಿ ಕವಲೊಡೆದರೆ ಟಿಎನ್-ಸಿ-ಎಸ್.

ಗುರುತಿಸುವುದು ಕಷ್ಟವಲ್ಲ. ಮೊದಲು ಅಂಗಳದಲ್ಲಿ ನಿಂತು ಸರ್ವಿಸ್ ವೈರ್ ನೋಡಿ. ಅದನ್ನು ಎತ್ತಿ ಹಿಡಿದಿರುವ ಜಿಐ ತಂತಿಯನ್ನು ಅರ್ಥ್ ಎಂದು ತಿಳಿಯುವವರಿದ್ದಾರೆ. ಅದು ಬರೀ ಆಸರೆಯ ತಂತಿ. ಆಮೇಲೆ ಮೀಟರ್ ಬೋರ್ಡಿನಿಂದ ಹೊರಟ ಹಸಿರು ವೈರ್ ಅಥವಾ ಬರಿಮೈ ಜಿಐ ತಂತಿಯ ಜಾಡು ಹಿಡಿಯಿರಿ. ಗೋಡೆಗುಂಟ ಇಳಿದು ನೆಲ ಸೇರಿದರೆ ಗುಂಡಿ ನಿಮ್ಮದು. ಬೆಟಗೇರಿಯ ಒತ್ತೊತ್ತು ಮನೆಗಳಲ್ಲಿ ಹಿತ್ತಲಿಲ್ಲದೆ ಬಾಗಿಲ ಮುಂದೆಯೇ ಗುಂಡಿ ತೋಡಿ, ಮುಂದೆ ಯಾವಾಗಲೋ ಅದರ ಮೇಲೆ ಟೈಲ್ಸ್ ಹಾಕಿಸಿಬಿಟ್ಟಿರುವುದೂ ಉಂಟು. ತಂತಿ ನಲ್ಲಿಯ ಪೈಪಿಗೆ ಸುತ್ತಿಕೊಂಡಿದ್ದರೆ ಅದು ಅರ್ಥಿಂಗೇ ಅಲ್ಲ. ಒಳಗೆಲ್ಲೋ ಪ್ಲಾಸ್ಟಿಕ್ ಪೈಪ್ ಸೇರಿಸಿರುತ್ತಾರೆ. ಮೇಲಾಗಿ ತನ್ನದಲ್ಲದ ನೀರಿನ ಕೊಳವೆಯನ್ನು ಒಡೆಯರ ಒಪ್ಪಿಗೆಯಿಲ್ಲದೆ ಅರ್ಥಿಂಗ್‌ಗೆ ಬಳಸುವುದು ನಿಯಮಕ್ಕೆ ವಿರುದ್ಧ. ಮೀಟರಿನ ಸೀಲ್ ಮಾತ್ರ ಮುಟ್ಟಬೇಡಿ. ವಿದ್ಯುತ್ ಕಾಯ್ದೆ 2003ರ 138ನೇ ಕಲಂ ಪ್ರಕಾರ ಮೀಟರಿಗೆ ಕೈಹಾಕಿದರೆ 3 ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬೋರ್ಡಿನೊಳಗೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ತುಂಡು ವೈರ್ ಹಾಕಿದ್ದಾರೆಯೇ ಎಂಬುದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮೇನ್ ಬಂದ್ ಮಾಡಿ ನೋಡಲಿ. ಗುಂಡಿ ತೋಡುವ ಖರ್ಚು ಉಳಿಸುವ ಈ ಕಳ್ಳದಾರಿ ಎಲ್ಲಕ್ಕಿಂತ ಅಪಾಯದ್ದು. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಫ್ರಿಜ್, ಗೀಜರ್, ಮಿಕ್ಸರ್ ಎಲ್ಲದರ ಮೈಗೂ ಕರೆಂಟ್ ಏರುತ್ತದೆ.

ಇನ್ನು ಬಲ್ಬ್ ಪರೀಕ್ಷೆ. ಫೇಸ್ ಮತ್ತು ಅರ್ಥ್ ನಡುವೆ 100 ವಾಟಿನ ಬಲ್ಬ್ ಹಿಡಿದು, ಉರಿಯಿತು, ಅರ್ಥಿಂಗ್ ಚಲೋ ಐತಿ ಎಂದು ಹೇಳಿ ಹೋಗುವುದು ರೂಢಿ. ಲೆಕ್ಕ ಹಾಕಿ ನೋಡಿ. ಗುಂಡಿಯ ರೋಧ 50 ಓಮ್ ಇದ್ದರೂ ಬಲ್ಬಿಗೆ ಸುಮಾರು 210 ವೋಲ್ಟ್ ಸಿಕ್ಕು ಅದು ಹೆಚ್ಚುಕಡಿಮೆ ಪೂರ್ತಿ ಉರಿಯುತ್ತದೆ. ಅದೇ ಗುಂಡಿಯಲ್ಲಿ, ಗೀಜರಿನ ಫೇಸ್ ಅದರ ಮೈಗೆ ತಾಗಿದಾಗ ಹರಿಯುವುದು 5 ಆಂಪಿಯರಿಗಿಂತ ಕಡಿಮೆ. 16 ಆಂಪಿಯರಿನ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. ಎಂಸಿಬಿ ಬೀಳದೆ ಗೀಜರ್ ಮೈಯಲ್ಲಿ ಕರೆಂಟ್ ನಿಂತಿರುತ್ತದೆ. ರೋಣ, ನರಗುಂದ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟು ಎಲೆಕ್ಟ್ರೋಡನ್ನು ಬಿಟ್ಟು ಸರಿಯುವುದರಿಂದ ಮಳೆಗಾಲದಲ್ಲಿ ಸರಿಯಿದ್ದ ಗುಂಡಿ ಏಪ್ರಿಲ್‌ನಲ್ಲಿ ಸರಿಯಿರುತ್ತದೆಂಬ ಖಾತ್ರಿಯಿಲ್ಲ. ಸರಬರಾಜುದಾರರು ತಮ್ಮ ಅರ್ಥಿಂಗನ್ನು ಎರಡು ವರ್ಷಕ್ಕೊಮ್ಮೆಯಾದರೂ ಒಣ ಋತುವಿನಲ್ಲಿ ಪರೀಕ್ಷಿಸಬೇಕು ಎಂಬ ನಿಯಮವೂ ಸುಮ್ಮನೆ ಬಂದದ್ದಲ್ಲ.

ಆದ್ದರಿಂದ ಟಿಟಿ ಮನೆಗೆ ಆರ್‌ಸಿಸಿಬಿ ಬೇಕೇ ಬೇಕು. ಮನೆಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರಿನದು. ಹೊರಹೋದ ಕರೆಂಟ್ ಪೂರ್ತಿ ಮರಳದಿದ್ದರೆ ತಕ್ಷಣ ಮೇನ್ ಕಡಿಯುತ್ತದೆ. 50 ಓಮಿನ ಬಡಪಾಯಿ ಗುಂಡಿಯಿದ್ದರೂ ಅದಕ್ಕೆ ಸಾಕು. ಆರ್‌ಸಿಸಿಬಿ ಮೇಲಿನ 'ಟಿ' ಬಟನ್ ಅನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ನಿಗದಿತ ಲೋಡ್ ಮೀರಿದ ಸಂಪರ್ಕಗಳಿಗೆ ನಿಯಮಾವಳಿಯೇ ಇಂಥ ಸಾಧನವನ್ನು ಕಡ್ಡಾಯ ಮಾಡಿದೆ, ಸಣ್ಣ ಮನೆಗೆ ಮಾತ್ರ ಅದು ನಮ್ಮ ವಿವೇಕಕ್ಕೆ ಬಿಟ್ಟ ಮಾತು.

ಹೊಸ ಸಂಪರ್ಕ ಪಡೆಯುವಾಗ ಪರವಾನಗಿ ಇರುವ ಗುತ್ತಿಗೆದಾರರು ಕೊಡುವ ವೈರಿಂಗ್ ಪೂರ್ಣಗೊಂಡ ವರದಿಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಅರ್ಥ್ ರೋಧ ಎಷ್ಟು ಓಮ್ ಎಂದು ಅದರಲ್ಲಿ ಅಂಕಿಯಲ್ಲೇ ಬರೆಸಿ. ಕಂಬದ ಅರ್ಥ್, ನ್ಯೂಟ್ರಲ್, ಸರ್ವಿಸ್ ವೈರಿನ ದೂರಿಗೆ ಮೊದಲು 1912ಕ್ಕೆ ಕರೆ ಮಾಡಿ. ಅದು ಬಾಯಿಮಾತಿನಲ್ಲೇ ಮುಗಿದರೆ ಆರ್‌ಆರ್ ನಂಬರ್ ಹಾಕಿ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಡಿಗೆಯವರು ಹಿಂಜರಿಯಬೇಕಿಲ್ಲ. ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವವರೂ ಗ್ರಾಹಕರೇ. ಕೆಲಸ ಆಗದಿದ್ದರೆ 42(5)ನೇ ಕಲಂನಡಿಯ ಗ್ರಾಹಕರ ಕುಂದುಕೊರತೆ ವೇದಿಕೆ, ಅಲ್ಲಿಯೂ ಸಮಾಧಾನ ಸಿಗದಿದ್ದರೆ 42(6)ರಡಿ ಓಂಬುಡ್ಸ್‌ಮನ್.

ಅರ್ಥಿಂಗ್ ಎಲ್ಲ ಅವಘಡಕ್ಕೂ ಮದ್ದಲ್ಲ. 2024ರ ಜನವರಿಯಲ್ಲಿ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟನೊಬ್ಬರ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಾಗಿ ಮೂವರು ಯುವಕರು ತೀರಿಕೊಂಡರು. ಅಂಥದ್ದು ನಡೆದಾಗ, ಮನೆಯೊಳಗಿನ ಸಾವಿದ್ದರೂ ಎಮ್ಮೆ ಸತ್ತಿದ್ದರೂ, 161ನೇ ಕಲಂ ಪ್ರಕಾರ ವಿದ್ಯುತ್ ಪರಿವೀಕ್ಷಕರಿಗೆ ಸೂಚನೆ ಹೋಗಬೇಕು. ಅದರ ಗಡುವು 24 ಗಂಟೆ. ಪರಿಹಾರದ ಮಾತು ಬಂದಾಗ ಪರಿವೀಕ್ಷಕರ ವರದಿಯೇ ಮುಖ್ಯ ದಾಖಲೆಯಾಗುತ್ತದೆ. ವರದಿ ಬರುವವರೆಗೆ ಬೋರ್ಡ್, ವೈರ್, ಗುಂಡಿ ಯಾವುದನ್ನೂ ಕಿತ್ತು ಸರಿಪಡಿಸಬೇಡಿ. ಮೇನ್ ಬಂದ್ ಮಾಡಿ ಫೋಟೊ ತೆಗೆದಿಡಿ. ಹರಿದು ಬಿದ್ದ ತಂತಿಯಿಂದ ಸಾವಾದರೆ ನಿರ್ಲಕ್ಷ್ಯ ಸಾಬೀತಾಗದಿದ್ದರೂ ಸರಬರಾಜುದಾರರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ, ಮಧ್ಯಪ್ರದೇಶ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಹೇಳಿದೆ. ನಿಮ್ಮದೇ ಗುಂಡಿ, ನಿಮ್ಮದೇ ವೈರಿಂಗ್‌ನಿಂದಾದ ಅವಘಡಕ್ಕೆ ಆ ತೀರ್ಪು ನೆರವಾಗುವುದು ಕಷ್ಟ. ಪರಿವೀಕ್ಷಕರ ವರದಿ ಕೈಗೆ ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು.