ಯೋಬನಿಗೆ ಕಾರಣ ಹೇಳಲಿಲ್ಲ

ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಮೈಯೆಲ್ಲ ಹುಣ್ಣಾದ ಯೋಬನ ಮೂವರು ಗೆಳೆಯರನ್ನು ಪ್ರಸಂಗಗಳಲ್ಲಿ ಬೈದದ್ದೇ ಬೈದದ್ದು. ಆದರೆ ಅವರು ಬಂದ ರೀತಿ ನೋಡಿ. ಎಲೀಫಜ, ಬಿಲ್ದದ, ಚೋಫರ ತಮ್ಮ ತಮ್ಮ ಊರು ಬಿಟ್ಟು ಬಂದರು, ಗೆಳೆಯನ ಗುರುತೇ ಸಿಗದೆ ಗೋಳೋ ಎಂದು ಅತ್ತರು, ಏಳು ಹಗಲು ಏಳು ರಾತ್ರಿ ಅವನ ಜತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿ. ಬಾಯಿ ತೆರೆದು ನಿನ್ನ ಪಾಪವೇ ಕಾರಣ ಎಂದ ಮೇಲೆ ಕೆಟ್ಟಿತು.

ಧಾರವಾಡದ ನಮ್ಮ ಮನೆಗೆ ಬಂದವರು ಏಳು ನಿಮಿಷವೂ ಸುಮ್ಮನಿರಲಿಲ್ಲ. ನನ್ನ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟಿವೆ ಎಂಬ ಸುದ್ದಿ ನಮ್ಮ ಚರ್ಚಿನ ಸಭೆಯಲ್ಲಿ ಹಬ್ಬಿದ್ದೇ ತಡ, ಹಣ್ಣಿನ ಚೀಲ ಹಿಡಿದು ಒಬ್ಬರ ಹಿಂದೊಬ್ಬರು ಬಂದರು. ಬಾಳೆಹಣ್ಣು, ಮೋಸಂಬಿ, ಎಳನೀರು. ಕಿಡ್ನಿ ನಿಂತವರಿಗೆ ಇವುಗಳಿಂದ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ ಎಂಬುದು ಅವರಿಗೇನು ಗೊತ್ತು. ಪ್ರೀತಿಯಿಂದಲೇ ತಂದಿದ್ದರು. ಜತೆಗೆ ತಂದ ಮಾತುಗಳೂ ಆ ಹಣ್ಣಿನಂಥವೇ. "ದೇವರದ್ದು ಏನೋ ಉದ್ದೇಶ ಐತ್ರೀ ಅಕ್ಕಾರ, ಆತ ಸುಮ್ಮನ ಕೊಡಂಗಿಲ್ಲ." ಇನ್ನೊಬ್ಬರು ದನಿ ತಗ್ಗಿಸಿ, ಅರಿಕೆ ಮಾಡದೆ ಉಳಿಸಿಕೊಂಡ ಪಾಪ ಏನಾದರೂ ಇದೆಯೇ ಎಂದು ಕೇಳಿದರು. ಅಡುಗೆಮನೆಗೆ ಹೋಗಿ ಚಹಾ ಇಟ್ಟೆ. ಬೇರೇನು ಮಾಡಲಿ?

ಡಯಾಲಿಸಿಸ್ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಎಡಗೈಯಲ್ಲಿ ಎರಡು ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡಿದ್ದಾರೆ. ಅದಕ್ಕೆ ಎರಡು ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋದರೆ ಇನ್ನೊಂದರಿಂದ ಮೈಗೆ ವಾಪಸು. ಬೆಳಿಗ್ಗೆ ಎದ್ದ ಕೂಡಲೆ ಅಲ್ಲಿ ಬೆರಳಿಟ್ಟು ನೋಡಬೇಕು. ಚರ್ಮದ ಕೆಳಗೆ ಝುಂ ಎಂದು ನಡುಗುತ್ತಿದ್ದರೆ ರಕ್ತ ಹರಿಯುತ್ತಿದೆ ಎಂದರ್ಥ. ನಡುಕ ಸಿಗದಿದ್ದರೆ ರಕ್ತ ಗಡ್ಡೆ ಕಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ನಮ್ಮ ಮನೆಯ ಬೆಳಗಿನ ಪ್ರಾರ್ಥನೆ ಈಗ ಇದಾದ ಮೇಲೆಯೇ. ನೀರಿಗೂ ಅಳತೆ ಇದೆ. ಸಾರು, ಮಜ್ಜಿಗೆ, ಚಹಾ ಎಲ್ಲ ಆ ಅಳತೆಯೊಳಗೇ. ಏಪ್ರಿಲ್ ಬಿಸಿಲಲ್ಲಿ ಬಾಯಿ ಒಣಗಿದರೆ ಒಂದು ಐಸ್ ಚೂರು ನಾಲಗೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಹಾಗೆ ಕೂತವರಿಗೆ ದೇವರ ಉದ್ದೇಶದ ಬಗ್ಗೆ ಭಾಷಣ ಮಾಡಲು ನನಗಂತೂ ಬಾಯಿ ಬರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಯೋಬನ ಗ್ರಂಥವನ್ನು ಮತ್ತೆ ಓದತೊಡಗಿದೆ. 42 ಅಧ್ಯಾಯ. ಸೈತಾನ ಬಂದು ದೇವರ ಮುಂದೆ ಸವಾಲು ಹಾಕಿದ್ದು ಓದುವ ನಮಗೆ ಗೊತ್ತು, ಯೋಬನಿಗೆ ಗೊತ್ತಿಲ್ಲ. ಕೊನೆಯವರೆಗೂ ಯಾರೂ ಅವನಿಗೆ ಹೇಳುವುದೇ ಇಲ್ಲ. 38ನೆಯ ಅಧ್ಯಾಯದಿಂದ ದೇವರು ಬಿರುಗಾಳಿಯೊಳಗಿಂದ ಮಾತಾಡತೊಡಗುತ್ತಾನೆ. ಭೂಮಿಯ ಅಸ್ತಿವಾರ, ಹಿಮದ ಭಂಡಾರ, ಕಾಡುಮೇಕೆ ಈಯುವ ಕಾಲ, ಇವನ್ನೆಲ್ಲ ಕೇಳುತ್ತಾನೆ. ಹುಣ್ಣಿನ ಕಾರಣದ ಮಾತೇ ಇಲ್ಲ. ಆಮೇಲೆ ಆತನಿಗೆ ಸಿಟ್ಟು ಬಂದದ್ದು ಯಾರ ಮೇಲೆ? ಜಗಳ ತೆಗೆದ ಯೋಬನ ಮೇಲಲ್ಲ. ದೇವರ ಪರ ವಕೀಲಿಕೆ ಮಾಡಿದ ಗೆಳೆಯರ ಮೇಲೆ. ಕುರಿಗಳು 7,000 ಇದ್ದವು 14,000 ಆದವು ಎಂದು ಸಂತೋಷದಿಂದ ಓದಿ ಮುಗಿಸುತ್ತೇವಲ್ಲ, ಸತ್ತ ಹತ್ತು ಮಕ್ಕಳು ಮಾತ್ರ ಎದ್ದು ಬರಲಿಲ್ಲ. ಬೇರೆ ಹತ್ತು ಮಕ್ಕಳು ಹುಟ್ಟಿದರು. ಇದರ ಮೇಲೆ ಪ್ರಸಂಗ ಮಾಡಿದವರನ್ನು ನಾನು ಕೇಳಿಲ್ಲ.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳಾದ್ದರಿಂದ ಲೇಖಕ ಸಿ. ಎಸ್. ಲೂಯಿಸ್ ನೆನಪಾಗುತ್ತಾನೆ. ನೋವನ್ನು ದೇವರು ಯಾಕೆ ಬಿಡುತ್ತಾನೆಂದು 1940ರಲ್ಲಿ ಆತ ಒಂದು ಪುಸ್ತಕ ಬರೆದ; ತರ್ಕ ಅಚ್ಚುಕಟ್ಟು. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಳು. ಆ ದುಃಖದಲ್ಲಿ ಬರೆದಿಟ್ಟ ಟಿಪ್ಪಣಿಗಳು ಮರುವರ್ಷ ಬೇರೆ ಹೆಸರಿನಲ್ಲಿ ಅಚ್ಚಾದವು. ಅದರಲ್ಲಿ ಆತ ದೇವರ ಮೇಲೆ ರೇಗುತ್ತಾನೆ, ಮುಚ್ಚಿದ ಬಾಗಿಲ ಮುಂದೆ ನಿಂತವನ ಹಾಗೆ ಮಾತಾಡುತ್ತಾನೆ. ನಂಬಿಕೆ ಬಿಡಲಿಲ್ಲ, ನಿಜ. ನನಗೆ ಉಪಯೋಗಕ್ಕೆ ಬಂದದ್ದು ಈ ಎರಡನೆಯ ಪುಸ್ತಕವೇ.

ದೇವರಿಗೆ ಉದ್ದೇಶವಿದೆ ಎಂದು ನಾನೂ ನಂಬುತ್ತೇನೆ. ಅದು ಇಂಥದೇ ಎಂದು ಹೇಳುವ ಅಧಿಕಾರ ನನಗೂ ಇಲ್ಲ, ಹಣ್ಣು ತಂದವರಿಗೂ ಇಲ್ಲ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರೊಂದಿಗೆ ನಾವು ಪ್ರಾರ್ಥಿಸುತ್ತೇವೆಂದು ತಿಳಿದ ಒಬ್ಬರು, "ನೋಡ್ರೀ, ಇದಕ್ಕಾಗೇ ಕಾಯಿಲೆ ಬಂತು" ಎಂದರು. ಪಕ್ಕದ ಹಾಸಿಗೆಯವರ ಸಲುವಾಗಿ ನಮ್ಮವರ ಕಿಡ್ನಿ ಕೆಡಿಸುವ ದೇವರೇ? ಆ ಲೆಕ್ಕ ನನಗೆ ಒಗ್ಗುವುದಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿದ. ಶಿಲುಬೆಯ ಮೇಲೆ, ಯಾಕೆ ಕೈಬಿಟ್ಟೆ ಎಂದು ಕೂಗಿದ. ಆ ಪ್ರಶ್ನೆಗೆ ಅಲ್ಲಿ ಆಕಾಶದಿಂದ ಉತ್ತರ ಬಂದಂತೆ ಸುವಾರ್ತೆ ಹೇಳುವುದಿಲ್ಲ. ಹಾಗಾಗಿ ನಾನೂ ಅದನ್ನೇ ಕೇಳಬಹುದು ಎಂಬ ಧೈರ್ಯ ಬಂತು. ದೇವರ ಮೇಲಿನ ಸಿಟ್ಟನ್ನು ಹೊತ್ತು ಆತನ ಹತ್ತಿರವೇ ಹೋಗುತ್ತಿರುವುದು, ನನ್ನ ಮಟ್ಟಿಗೆ ನಂಬಿಕೆ ಎಂದರೆ ಸದ್ಯಕ್ಕೆ ಇಷ್ಟೇ.

ಸಭೆಯಲ್ಲಿ ಸಾಕ್ಷಿ ಹೇಳಲು ಗುಣವಾದವರನ್ನೇ ಕರೆಯುವುದು ನಮ್ಮಲ್ಲಿ ರೂಢಿ. ಗುಣವಾಗದೆ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳುತ್ತ ಸ್ತೋತ್ರ ಹೇಳುವವರನ್ನು ಯಾರು ಕರೆಯುತ್ತಾರೆ? ಇದನ್ನು ನಮ್ಮ ಸಭಾಪಾಲಕರಾದ ಅಯ್ಯನವರಿಗೆ ನೇರವಾಗಿ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ, ಮಹಿಳಾ ಕೂಟದಲ್ಲಿ ನೀವೇ ಮಾತಾಡಿ ಎಂದರು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯ ತೆಗೆದುಕೊಂಡೆ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದಿಂದ ಎಂದು ಶಿಷ್ಯರು ಕೇಳುತ್ತಾರೆ. ಇವನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಎಂದು ಯೇಸು ಹೇಳಿ, ಹಗಲಿರುವಾಗಲೇ ಮಾಡಬೇಕಾದ ದೇವರ ಕೆಲಸದ ಮಾತೆತ್ತುತ್ತಾನೆ. ಮಣ್ಣು ಕಲಸಿ ಕಣ್ಣಿಗೆ ಹಚ್ಚುತ್ತಾನೆ.

ಕೂಟ ಮುಗಿದ ಮೇಲೆ, ನಮ್ಮ ಮನೆಗೆ ಬಂದಾಗ ಹೆಚ್ಚು ಮಾತಾಡದೆ ಪಾತ್ರೆ ತೊಳೆದಿಟ್ಟು ಹೋಗಿದ್ದ ಹೆಂಗಸು ಹತ್ತಿರ ಬಂದು, ಡಯಾಲಿಸಿಸ್ ಯಾವ್ಯಾವ ವಾರ ಎಂದು ಕೇಳಿದಳು. ಈಗ ಗುರುವಾರ ನಮ್ಮ ಯಜಮಾನರ ಜತೆ ಅವಳು ಕೂರುತ್ತಾಳೆ, ನಾನು ಒಂಬತ್ತನೇ ತರಗತಿಗೆ ಪಾಠ ಮಾಡಲು ಹೋಗುತ್ತೇನೆ.